ಆಡದ ಜಗಳಕ್ಕೊಂದು ರಾಜಿ

ಆ ಮಳೆಗಾಲದಲ್ಲಿ ಏನೇನು ಅನಾಹುತ ಆಗಬಹುದಿತ್ತು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಹೇಳಬಲ್ಲೆ. ಟೆರೇಸಿನ ನೀರಿನ ಟಾಂಕಿ ಒಡೆದು ನಾಲ್ಕನೇ ಮಾಳಿಗೆಯ ಅಡುಗೆಮನೆಗೆ ಇಳಿಯಬಹುದಿತ್ತು. ಇಳಿದದ್ದು ಅಲ್ಲೇ ನಿಲ್ಲಬೇಕೆಂದೇನೂ ಇಲ್ಲ, ಮೂರನೇ ಮಾಳಿಗೆಯ ನಮ್ಮ ಅಡುಗೆಮನೆಗೂ ಬರಬಹುದಿತ್ತು. ಬರುವ ಹೊತ್ತಿಗೆ ಸರಿಯಾಗಿ ನಾನು ಅದರ ಕೆಳಗೆ ಚಹಾ ಕುಡಿಯುತ್ತ ಕೂತಿರಬಹುದಿತ್ತು. ಪಾಲಿಕೆಯವರು ಬಂದು ಬಿಲ್ಡಿಂಗಿನ ಗೋಡೆಗೆ ಕೆಂಪು ಅಕ್ಷರದಲ್ಲಿ 'ಧೋಕಾದಾಯಕ', ಅಂದರೆ ಅಪಾಯದ ಕಟ್ಟಡ, ಎಂದು ಬರೆದು ಹೋಗಬಹುದಿತ್ತು. ಸೊಸೈಟಿಯ ಸೆಕ್ರೆಟರಿ ಸದಾನಂದಣ್ಣನಿಗೆ ಬಿ.ಪಿ. ಏರಿ ಮೆಟ್ಟಿಲ ಮೇಲೆ ಕುಸಿಯಬಹುದಿತ್ತು, ಆ ಪಾಪ ನನ್ನ ಹೆಂಡತಿಯ ತಲೆಗೆ ಬರಬಹುದಿತ್ತು. ಸೊಸೈಟಿ ನಮ್ಮ ಮೇಲೆ ಕೋರ್ಟಿಗೆ ಹೋಗಬಹುದಿತ್ತು. ನನ್ನ ಹೆಂಡತಿ ತಾನೇ ಸುತ್ತಿಗೆ ಹಿಡಿದು ಟಾಂಕಿ ಹತ್ತಬಹುದಿತ್ತು, ಇದಂತೂ ಎಲ್ಲಕ್ಕಿಂತ ಹೆಚ್ಚು ಸಂಭವವಿತ್ತು. ಹತ್ತಿದವಳು ಜಾರಬಹುದಿತ್ತು.

ಠಾಣೆಯ ಒಂದು ವಿಮಾ ಕಚೇರಿಯಲ್ಲಿ ನಾನು ಸಂಬಳ ತೆಗೆದುಕೊಂಡು ಮಾಡುತ್ತಿದ್ದ ಕೆಲಸವೂ ಇದೇ. ಜನರ ಗೋದಾಮು, ಅಂಗಡಿ, ಕಾರ್ಖಾನೆಗಳಿಗೆ ಏನೇನು ಆಗಬಹುದು ಎಂದು ಯೋಚಿಸುವುದು. ಸಂಜೆ ಮನೆಗೆ ಬಂದ ಮೇಲೆ ಅದನ್ನೇ ಪುಕ್ಕಟೆಯಾಗಿ ಮಾಡುತ್ತಿದ್ದೆ. ಆದರೂ ಆ ವರ್ಷ ಕೊನೆಗೆ ಆದದ್ದು ಒಂದೇ, ಬಹಳ ಸಣ್ಣದು. ನನ್ನ ಎಣಿಕೆಯಲ್ಲಿ ಅದು ಇರಲೇ ಇಲ್ಲ.

ಮೊನ್ನೆ ಇಲ್ಲಿ ನವಿ ಮುಂಬಯಿಯಲ್ಲಿ ಪಕ್ಕದ ಬಿಲ್ಡಿಂಗಿನವರು ಟೆರೇಸಿಗೆ ಬಳಿಯಲು ಡಾಂಬರು ಕಾಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಹೊಡೆದದ್ದೇ ನನ್ನ ಹೆಂಡತಿ ವಾಸಂತಿ ಎದ್ದು ಕಿಟಕಿ ಮುಚ್ಚಿದಳು. ಇಬ್ಬರಿಗೂ ಡೊಂಬಿವಲಿಯೇ ನೆನಪಾದದ್ದು.

ಎರಡು ಸಾವಿರದ ಹತ್ತರ ಆಸುಪಾಸು. ಡೊಂಬಿವಲಿ ಪೂರ್ವದಲ್ಲಿ ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಬಿಲ್ಡಿಂಗು ನಮ್ಮದು. ಅರ್ಧ ಮರಾಠಿಯವರು, ಅರ್ಧ ಕನ್ನಡದವರು. ಕನ್ನಡದವರಲ್ಲಿ ಮತ್ತೆ ಕೆಲವರು ನಮ್ಮ ಹಾಗೆ ಉಡುಪಿ, ಮಂಗಳೂರಿನ ಕಡೆಯವರು, ಉಳಿದವರು ಧಾರವಾಡದ ಕಡೆಯವರು. ಸೊಸೈಟಿಯ ಮೀಟಿಂಗ್ ಮರಾಠಿಯಲ್ಲಿ ಶುರುವಾಗಿ, ಹಿಂದಿಯಲ್ಲಿ ಬಿಸಿಯೇರಿ, ಆಮೇಲೆ ಮೆಟ್ಟಿಲ ಮೇಲೆ ಗುಂಪು ಗುಂಪಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ತೀರ್ಮಾನಗಳೆಲ್ಲ ಆಗುತ್ತಿದ್ದದ್ದು ಮೆಟ್ಟಿಲ ಮೇಲೆ.

ಸದಾನಂದಣ್ಣನಿಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲ್ ಇತ್ತು. ಗಲ್ಲಾದಲ್ಲಿ ಕೂತು ಅಡುಗೆಮನೆಯವರೆಗೆ ಆರ್ಡರು ಕೂಗಿ ಕೂಗಿ ಹದವಾದ ಗಂಟಲು. ಅವನು ನಮ್ಮ ತಲೆಯ ಮೇಲಿನ ಮನೆಯಲ್ಲಿದ್ದ. ಅವನ ಹೆಂಡತಿ ಪುಷ್ಪಕ್ಕ, ದಪ್ಪ ಕನ್ನಡಕ, ಸದಾ ನಗು. ವಾಸಂತಿ ತುರ್ಭೆಯ ಒಂದು ಕಚೇರಿಯಲ್ಲಿ ಡ್ರಾಫ್ಟಿಂಗ್ ಕೆಲಸ ಮಾಡುತ್ತಿದ್ದಳು. ಕಾರ್ಖಾನೆಗಳ ನೀರಿನ ಟಾಂಕಿಗಳ ನಕ್ಷೆ ಬರೆಯುವುದು, ಎಲ್ಲಿ ಎಷ್ಟು ದಪ್ಪದ ಕಬ್ಬಿಣದ ಸಲಾಕೆ, ಎಲ್ಲಿ ಎಷ್ಟು ಕಾಂಕ್ರೀಟು ಎಂದು ತೋರಿಸುವುದು. ಬೆಳಗ್ಗೆ ಇಬ್ಬರೂ ಒಂದೇ ಲೋಕಲ್ ಹಿಡಿಯುತ್ತಿದ್ದೆವು, ನಾನು ಜನರಲ್ ಡಬ್ಬಿ, ಅವಳು ಲೇಡೀಸ್. ಠಾಣೆಯಲ್ಲಿ ನಾನು ಹೊರಗೆ ನಡೆದರೆ ಅವಳು ಟ್ರೇನು ಬದಲಿಸಿ ತುರ್ಭೆಗೆ. ಬಿಲ್ಡಿಂಗಿನ ಗಂಡಸರಿಗೆ ಅವಳ ಕೆಲಸ 'ಡ್ರಾಯಿಂಗ್' ಎಂದು ಗೊತ್ತಿತ್ತು. ಗಣಪತಿ ಹಬ್ಬಕ್ಕೆ ಕೆಳಗೆ ರಂಗೋಲಿ ಹಾಕುವ ಕೆಲಸ ಪ್ರತಿ ವರ್ಷ ಅವಳಿಗೇ ಬರುತ್ತಿತ್ತು.

ಪುಷ್ಪಕ್ಕನಿಗೂ ವಾಸಂತಿಗೂ ಒಂದು ತೆಂಗಿನಕಾಯಿಯ ಲೆಕ್ಕದ ಗೆಳೆತನ. ಮಗಳೂ ಸೇರಿ ನಾವು ಮೂರು ಜನ, ಅವರು ಇಬ್ಬರು. ಒಂದು ಇಡೀ ಕಾಯಿ ಯಾರ ಮನೆಗೂ ಒಂದು ದಿನಕ್ಕೆ ಹೆಚ್ಚು. ಫ್ರಿಜ್ಜಿನಲ್ಲಿಟ್ಟ ಕಾಯಿಯಿಂದ ಮಾಡಿದ ಸಾಂಬಾರು ಸಾಂಬಾರೇ ಅಲ್ಲ ಎಂಬುದು ಇಬ್ಬರ ಖಡಕ್ ಅಭಿಪ್ರಾಯ. ಹಾಗಾಗಿ ವಾಸಂತಿ ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆದು ಮೇಲೆ ಹೋಗುತ್ತಿದ್ದಳು. ಪುಷ್ಪಕ್ಕ ಕತ್ತಿಯ ಬೆನ್ನಿನಿಂದ ಒಂದೇ ಏಟಿಗೆ ಕಾಯಿ ಒಡೆಯುತ್ತಿದ್ದಳು, ಕಣ್ಣಿನ ಹೋಳು ಒಂದು ದಿನ ಇವಳಿಗೆ, ಒಂದು ದಿನ ಅವಳಿಗೆ. ಇಬ್ಬರೂ ಅಲ್ಲೇ ಕೂತು ತುರಿದು, ಜಗತ್ತನ್ನೆಲ್ಲ ತುಳುವಿನಲ್ಲಿ ತುರಿದು, ನಗುತ್ತ ಏಳುತ್ತಿದ್ದರು. ನಮ್ಮ ಮನೆಯ ರಾತ್ರಿಯೂಟ ಆ ನಗು ಮುಗಿಯದೆ ಶುರುವಾಗುತ್ತಿರಲಿಲ್ಲ. ಹಸಿದಾಗ ನಾನು ಮೇಲೆ ಹೋಗಿ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ.

ಹಾಗೆ ಕೆಮ್ಮಲು ಹೋದ ಒಂದು ಮೇ ತಿಂಗಳ ಸಂಜೆಯೇ ಅದು ನಡೆದದ್ದು. ಪುಷ್ಪಕ್ಕನ ತಟ್ಟೆಯ ಬಿಳಿ ಕಾಯಿತುರಿಯ ಮೇಲೆ ಮೇಲಿನಿಂದ ಒಂದು ಹನಿ ಬಿತ್ತು. ಕಂದು ಬಣ್ಣ. ವಾಸಂತಿ ತಲೆಯೆತ್ತಿದಳು. ಛಾವಣಿಯ ಮೂಲೆಯಲ್ಲಿ ಒಂದು ಮೊರದಷ್ಟು ಅಗಲದ ಕಲೆ.

"ಇದು ಯಾವಾಗಿಂದ ಪುಷ್ಪಕ್ಕ?"

"ಅದಾ? ದೀಪಾವಳಿಯಿಂದ ಉಂಟು. ನಮ್ಮವರ ಹತ್ರ ಹೇಳಿದ್ದೆ. ನನ್ನ ಒಗ್ಗರಣೆಯ ಹೊಗೆ ಅಂತಾರೆ."

"ಒಗ್ಗರಣೆಯ ಹೊಗೆ ಹನಿಯಾಗಿ ಬೀಳ್ತದಾ?"

"ನನ್ನ ಒಗ್ಗರಣೆ ಅಲ್ವಾ ಮಾರಾಯ್ತಿ, ಎಂಥದ್ದು ಬೇಕಾದ್ರೂ ಮಾಡ್ತದೆ," ಎಂದು ಪುಷ್ಪಕ್ಕ ನಕ್ಕು ಆ ಹನಿ ಬಿದ್ದ ತುರಿಯನ್ನು ಬೆರಳಲ್ಲಿ ಎತ್ತಿ ಎಸೆದಳು.

ವಾಸಂತಿ ನಗಲಿಲ್ಲ. ಭಾನುವಾರ ಬೆಳಗ್ಗೆ ಟಾರ್ಚು ಹಿಡಿದು ಟೆರೇಸಿಗೆ ಹೋಗಿ ಟಾಂಕಿಯ ಹೊಟ್ಟೆಯಡಿ ಬಗ್ಗಿ ನೋಡಿ ಬಂದಳು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಹಾವು, ಚೇಳು, ಕರೆಂಟಿನ ವೈರು ಎಂದು ಮೂರು ಎಚ್ಚರಿಕೆ ಕೊಟ್ಟೆ. ಅವಳು ಸೀರೆಯ ಧೂಳು ಕೊಡವಿಕೊಂಡು ಹೇಳಿದ್ದು ಇಷ್ಟೇ. "ಮೇಲೆ ಹೊಸ ಪ್ಲಾಸ್ಟರು ಬಳಿದಿದ್ದಾರೆ. ಒಳಗೆ ಸಲಾಕೆ ತುಕ್ಕು ಹಿಡಿದು ಉಬ್ಬಿದೆ. ಟಾಂಕಿ ಪುಷ್ಪಕ್ಕನ ಗ್ಯಾಸಿನ ಮೇಲೆ ಸರಿಯಾಗಿ ಕೂತಿದೆ. ಮಳೆ ಜೋರಾಗುವ ಮೊದಲು ಖಾಲಿ ಮಾಡಿ ಒಡೆದು ಕಟ್ಟಬೇಕು."

ಇದನ್ನು ಇಲ್ಲಿ ಮತ್ತೆ ಸ್ಪಷ್ಟ ಮಾಡುತ್ತೇನೆ, ಯಾಕೆಂದರೆ ಆ ಬಿಲ್ಡಿಂಗಿನಲ್ಲಿ ಯಾರಿಗೂ ಇದು ಕೊನೆಯವರೆಗೂ ತಲೆಗೆ ಹೋಗಲಿಲ್ಲ. ವಾಸಂತಿ ಹಟ ಹಿಡಿದದ್ದು ಪುಷ್ಪಕ್ಕನ ತಲೆಗಾಗಿ. ದಿನಕ್ಕೆ ನಾಲ್ಕು ಹೊತ್ತು ಆ ಕಲೆಯ ಕೆಳಗೆ ನಿಲ್ಲುತ್ತಿದ್ದವಳು ಪುಷ್ಪಕ್ಕ ಒಬ್ಬಳೇ. ಅದೇ ಮನೆಯ ಯಜಮಾನ ಹೋಟೆಲಿನಲ್ಲಿ ಉಂಡು ಬರುವವನು, ತನ್ನ ಅಡುಗೆಮನೆಯ ಛಾವಣಿಯ ಬಣ್ಣ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಜೂನ್ ಮೊದಲ ವಾರ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಮೀಟಿಂಗು. ಮಳೆ ಇನ್ನೂ ಬಂದಿರಲಿಲ್ಲ, ಬೆವರು ಬಂದಿತ್ತು. ವಾಸಂತಿ ಕೂತಲ್ಲಿಂದಲೇ ತಾನು ನೋಡಿದ್ದನ್ನು ಹೇಳಿದಳು. ಅವಳದು ಮೆಲುದನಿ. ಮನೆಯಲ್ಲಿ ಟೀವಿ ನಿಲ್ಲಿಸದೆ ಅವಳ ಮಾತು ಕೇಳಿಸುವುದಿಲ್ಲ.

"ವಾಸಂತಿಯವರೇ, ಅದೆಲ್ಲ ಪ್ಲಾಸ್ಟರಿನ ಬಿರುಕು," ಎಂದ ಸದಾನಂದಣ್ಣ. "ಹೋದ ವರ್ಷ ನಾನೇ ನಿಂತು ಮಾಡಿಸಿದ್ದು."

"ಅದಕ್ಕೇ ಹೇಳಿದ್ದು ಸದಾನಂದಣ್ಣ. ತುಕ್ಕು ಬಿಡಿಸದೆ ಅದರ ಮೇಲೇ ಸಿಮೆಂಟು ಬಳಿಸಿದ್ದೀರಿ. ನೀವು ಮಾಡಿಸಿದ್ದು ತಪ್ಪು."

ಅವನು ಎದ್ದ. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಬಿತ್ತು. ಆಮೇಲೆ ಬಂದದ್ದು ಕಲ್ಯಾಣ ಹೋಟೆಲಿನ ಗಂಟಲು. ಹದಿನೈದು ವರ್ಷದಿಂದ ಈ ಸೊಸೈಟಿಗೆ ಬೆವರು ಹರಿಸಿದ್ದು, ಊಟ ಬಿಟ್ಟು ಓಡಾಡಿದ್ದು, ಈಗ ಮನೆಯಲ್ಲಿ ಕೂತವರು ಬಂದು ತಪ್ಪು ಹಿಡಿಯುವುದು. ಮನೆಯಲ್ಲಿ ಕೂತವಳು ದಿನಾ ಎರಡು ಟ್ರೇನು ಬದಲಿಸುತ್ತಿದ್ದಳು. ಪಾರ್ಕಿಂಗಿನ ತಗಡು ಅದುರಿತು, ಬೀದಿಯ ನಾಯಿ ಎದ್ದು ಹೋಯಿತು. ವಾಸಂತಿ ಕೂತಲ್ಲೇ ಕೂತು ಅವನು ಉಸಿರು ತೆಗೆದುಕೊಳ್ಳುವವರೆಗೆ ಕಾದಳು.

"ಮುಗೀತಾ? ಹಾಗಾದ್ರೆ ಈಗ ಟಾಂಕಿಯ ವಿಷಯ ಮಾತಾಡುವ."

ಅಷ್ಟೇ. ಆ ಒಂದು ಮಾತಿಗೆ ಅವಳ ಕತೆ ಮುಗಿಯಿತು. ಮರುದಿನ ಬೆಳಗ್ಗೆ ಬಿಲ್ಡಿಂಗಿನ ತುಂಬ ಸುದ್ದಿ: ರಾಯರ, ಅಂದರೆ ನನ್ನ, ಹೆಂಡತಿ ಮೀಟಿಂಗಿನಲ್ಲಿ ಕೂಗಾಡಿದರು. ಮೀಟಿಂಗಿಗೆ ಬಾರದವರಿಗೆ ಅವಳ ಕೂಗು ಇನ್ನೂ ಚೆನ್ನಾಗಿ ಕೇಳಿಸಿತ್ತು. ಒಬ್ಬರಿಗೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡಿದ್ದಾಗಲೂ ಕೇಳಿಸಿತಂತೆ.

ಇದೇ ಸದಾನಂದಣ್ಣ ಹಿಂದಿನ ವರ್ಷ ಪಾರ್ಕಿಂಗ್ ಜಾಗದ ಸಲುವಾಗಿ ಎರಡನೇ ಮಾಳಿಗೆಯ ಗೃಹಸ್ಥನೊಬ್ಬನ ಕಾಲರು ಹಿಡಿದಿದ್ದ. ಆ ಗೃಹಸ್ಥ ಇವನ ಕಾಲರು ಹಿಡಿದಿದ್ದ. ಅಂಗಿಯ ಗುಂಡಿಗಳು ಹಾರಿ ಸ್ಕೂಟರಿನಡಿ ಹೋಗಿದ್ದವು. ಆವತ್ತಿನ ಮೀಟಿಂಗಿನ ವರದಿಯಲ್ಲಿ 'ಪಾರ್ಕಿಂಗ್ ಬಗ್ಗೆ ಮತಭೇದ ವ್ಯಕ್ತವಾಯಿತು' ಎಂದಿದೆ. ಅದು ಮತಭೇದ. ಕೂತಲ್ಲೇ ಕೂತು ಟಾಂಕಿಯ ಮಾತಾಡಿದರೆ ಅದು ಜಗಳ. ಸದಾನಂದಣ್ಣನ ಗಂಟಲಿಗೂ ಒಂದು ವಿವರಣೆ ಸಿದ್ಧವಿತ್ತು. "ಬಾಯಿ ಜೋರು, ಮನಸ್ಸು ಮಗುವಿನದ್ದು." ಐವತ್ತೈದು ದಾಟಿದ ಮಗು. ಇಡೀ ಬಿಲ್ಡಿಂಗು ಅದನ್ನು ಎತ್ತಿ ಆಡಿಸುತ್ತಿತ್ತು.

ಇನ್ನು ವಾಸಂತಿಗೆ ಏನಾಗಿದೆ ಎಂಬುದರ ಸಂಶೋಧನೆ. ಅದರ ಫಲಿತಾಂಶಗಳೆಲ್ಲ ನನಗೆ ತಲುಪುತ್ತಿದ್ದವು, ಅವಳಿಗಲ್ಲ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಭಾಭಿಜೀ ಕೋ ಥೋಡಾ ಆರಾಮ್ ಚಾಹಿಯೇ," ಎಂದರು, ಅವಳಿಗೆ ಸ್ವಲ್ಪ ವಿಶ್ರಾಂತಿ ಬೇಕಂತೆ. ಒಬ್ಬರು ಆಫೀಸಿನ ಟೆನ್ಷನ್ ಎಂದರು, ಕೆಲಸ ಬಿಡಿಸಲು ಸಲಹೆ ಕೊಟ್ಟರು. ಮೊದಲ ಮಾಳಿಗೆಯ ಅಜ್ಜಿ, "ಆ ವಯಸ್ಸಿನಲ್ಲಿ ಹೆಂಗಸರಿಗೆ ಹಾಗೇ, ರಕ್ತದಲ್ಲಿ ಕಬ್ಬಿಣ ಕಮ್ಮಿಯಾಗ್ತದೆ," ಎಂದು ಬೀಟ್‌ರೂಟಿನ ರಸ ಹೇಳಿದರು. ಕಬ್ಬಿಣ ಕಮ್ಮಿಯಾಗಿದ್ದದ್ದು ಟಾಂಕಿಗೆ, ಆದರೆ ಅದಕ್ಕೆ ಬೀಟ್‌ರೂಟು ಹೇಳುವವರು ಯಾರೂ ಇರಲಿಲ್ಲ. ಇನ್ನೊಬ್ಬ ಮಹಾನುಭಾವರು ಸ್ವರ ತಗ್ಗಿಸಿ, ಇಷ್ಟೊಂದು ಸಿಟ್ಟು ಬರಬೇಕಾದರೆ ಮೊದಲು ಏನೋ ಸಲುಗೆ ಇದ್ದಿರಬೇಕಲ್ಲವೇ ರಾಯರೇ ಎಂದರು. ಒಬ್ಬ ಗಂಡಸಿನ ಮೇಲೆ ಒಬ್ಬ ಹೆಂಗಸಿಗೆ ಸಿಮೆಂಟಿನ ವಿಷಯದಲ್ಲಿ ಸಿಟ್ಟು ಬರುವುದು ಅವರ ಕಲ್ಪನೆಯ ಆಚೆಗಿತ್ತು. ನಾನು ಅವರಿಗೆ ಏನಾದರೂ ಖಡಕ್ಕಾಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫಾಸ್ಟ್ ಲೋಕಲ್ ಬಂತು, ಅವರು ಹತ್ತಿದರು. ನನ್ನ ಬದುಕಿನ ಖಡಕ್ ಉತ್ತರಗಳೆಲ್ಲ ಹೀಗೆ ಪ್ಲಾಟ್‌ಫಾರ್ಮಿನಲ್ಲೇ ಉಳಿದಿವೆ.

ನನ್ನನ್ನು ಮಾತ್ರ ಎಲ್ಲರೂ ಬಹಳ ಪ್ರೀತಿಯಿಂದ ನೋಡತೊಡಗಿದರು, ಹುಷಾರಿಲ್ಲದವರನ್ನು ನೋಡುವ ಹಾಗೆ. ಸ್ವತಃ ಸದಾನಂದಣ್ಣ, ನಾನು ಒಂದು ದಿನ ಕಲ್ಯಾಣಕ್ಕೆ ಹೋದಾಗ, ಹೋಟೆಲಿಗೆ ಎಳೆದುಕೊಂಡು ಹೋಗಿ, ಬಟಾಟೆವಡೆ ತರಿಸಿ, ತನ್ನ ಕೈಯಿಂದಲೇ ಚಟ್ನಿ ಬಡಿಸಿದ.

"ರಾಯರೇ, ನಿಮ್ಮ ಮೇಲೆ ನನಗೆ ಒಂಚೂರೂ ಬೇಸರ ಇಲ್ಲ."

"ನಾನು ಏನೂ ಮಾಡಿಲ್ಲವಲ್ಲ ಸದಾನಂದಣ್ಣ."

"ಅದೇ. ಅದಕ್ಕೇ ಹೇಳಿದ್ದು. ನೀವು ಒಳ್ಳೆಯವರು."

ವಡೆ ಬಿಸಿಯಾಗಿತ್ತು. ತಿಂದೆ. ಇದನ್ನು ಹೋಟೆಲಿಗೆ ಬಂದಿದ್ದ ನಮ್ಮ ಬಿಲ್ಡಿಂಗಿನವರೊಬ್ಬರು ನೋಡಿದರು, ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಗಂಡಸರಿಬ್ಬರೂ ಚೆನ್ನಾಗಿದ್ದಾರೆ, ಹಾಗಾದರೆ ಗಂಡಸರ ನಡುವೆ ಏನೂ ಇಲ್ಲ. ಆದರೆ ಜಗಳವೆಂದು ಒಮ್ಮೆ ಹೆಸರಿಟ್ಟ ಮೇಲೆ ಅದು ಯಾರಾದರೂ ಇಬ್ಬರ ನಡುವೆ ಇರಬೇಕಲ್ಲ. ಅದು ಕೂರಲು ಜಾಗ ಹುಡುಕತೊಡಗಿತು.

ನಿಜವಾಗಿ ಆ ದಿನಗಳಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಅತ್ಯಂತ ಖುಷಿಯಾಗಿದ್ದ ಜಾಗ ಪುಷ್ಪಕ್ಕನ ಅಡುಗೆಮನೆ. ಮಳೆ ಹಿಡಿದಿತ್ತು. ಹನಿ ಹೋಗಿ ಧಾರೆಯಾಗಿತ್ತು. ಪುಷ್ಪಕ್ಕ ಗ್ಯಾಸಿನ ಮೇಲ್ಗಡೆ ಒಂದು ದೊಡ್ಡ ಪಾತ್ರೆಯ ಮುಚ್ಚಳವನ್ನು ದಾರ ಕಟ್ಟಿ ನೇತುಹಾಕಿದ್ದಳು, ನೀರು ಅದಕ್ಕೆ ಬಿದ್ದು ಪಕ್ಕದ ಬಕೆಟ್ಟಿಗೆ ಹರಿಯುವಂತೆ.

"ನಮ್ಮವರಿಗೆ ಬೈಯಲಿಕ್ಕೆ ಈ ಬಿಲ್ಡಿಂಗಿನಲ್ಲಿ ನಾನು ಒಬ್ಬಳೇ ಇದ್ದೆ," ಎಂದು ಅವಳು ವಾಸಂತಿಗೆ ಹೇಳುವುದನ್ನು ನಾನು ಬಾಗಿಲಲ್ಲಿ ಕೆಮ್ಮುವ ಮೊದಲು ಕೇಳಿಸಿಕೊಂಡೆ. "ನೀನೂ ಕೈ ಹಾಕಿದ್ದು ಒಳ್ಳೇದಾಯ್ತು ನೋಡು. ನನಗೂ ವಯಸ್ಸಾಯ್ತಲ್ಲ, ಎಷ್ಟು ಅಂತ ಒಬ್ಬಳೇ ಮಾಡುವುದು?"

"ನೀವು ಈ ಮುಚ್ಚಳದ ಕೆಳಗೆ ನಿಲ್ಬೇಡಿ ಪುಷ್ಪಕ್ಕ. ಒಲೆ ಆಚೆ ಸರಿಸಿ."

"ಎಲ್ಲಿಗೆ ಸರಿಸ್ಲಿ? ಹಾಲಿಗಾ? ಹಾಲಿನಲ್ಲಿ ಸೆಕ್ರೆಟರಿ ಮಲಗ್ತಾರೆ."

ಇಬ್ಬರೂ ನಕ್ಕರು. ಆದರೆ ಕೆಳಗೆ ಬಂದ ಮೇಲೆ ವಾಸಂತಿ ನಗುತ್ತಿರಲಿಲ್ಲ. ಮಳೆ ಬಿರುಸಾದ ದಿನ ಊಟದ ನಡುವೆ ತುತ್ತು ನಿಲ್ಲಿಸಿ ಛಾವಣಿ ನೋಡುತ್ತಿದ್ದಳು. ಅವಳು ನೋಡುತ್ತಿದ್ದಳೆಂದು ನಾನೂ ನೋಡುತ್ತಿದ್ದೆ.

ಸೊಸೈಟಿಯ ಚೇರ್ಮನ್ ಕುಲಕರ್ಣಿ ಮಾಸ್ತರರು ಬಂದದ್ದು ಆಗ. ಧಾರವಾಡದವರು, ಶಾಲೆಯಿಂದ ನಿವೃತ್ತರು, ಎಲ್ಲರಿಗೂ ಬೇಕಾದವರು. ಎಂಥ ಜಗಳವಿದ್ದರೂ ಅದರ ಮೇಲೆ ಸಕ್ಕರೆ ಸುರಿಯುವುದರಲ್ಲಿ ಪ್ರಖ್ಯಾತರು. ಛತ್ರಿ ಮಡಚಿ ಮೂಲೆಗಿಟ್ಟು ಸೋಫಾದಲ್ಲಿ ಕೂತರು.

"ರಾಯರ, ಆ ಟಾಂಕಿ ವಿಷಯ ನೀವಽ ಯಾಕ ಮೀಟಿಂಗಿನ್ಯಾಗ ಹೇಳಬಾರದು?"

"ನನಗೆ ಟಾಂಕಿಯ ಬಗ್ಗೆ ಏನೂ ಗೊತ್ತಿಲ್ಲ ಮಾಸ್ತರೇ. ವಾಸಂತಿ ಹೇಳಿದಾಳಲ್ಲ."

"ಅವರು ಹೇಳಿದ್ದು ಖರೇನಽ ಇರಬಹುದು. ಆದ್ರ ಜಗಳಾ ಆಗಿಬಿಡ್ತು. ನೀವು ಶಾಂತ ಸ್ವಭಾವದವರು."

ವಾಸಂತಿ ಒಳಗಿನಿಂದ ಚಹಾ ತಂದು ಅವರ ಮುಂದಿಟ್ಟಳು. ಅವರು ಹೋದ ಮೇಲೆ ನನಗೆ ಹೇಳಿದಳು, "ನೀವೇ ಹೇಳಿ. ನಾನು ಹೇಳಿಕೊಡ್ತೇನೆ. ಮೊದಲು ಪುಷ್ಪಕ್ಕನ ತಲೆ ಮೇಲಿಂದ ಅದು ಇಳೀಲಿ."

ಎರಡು ಸಂಜೆ ಅವಳು ನನಗೆ ಪಾಠ ಹೇಳಿದಳು. ಎರಡನೇ ಮೀಟಿಂಗಿನಲ್ಲಿ ನಾನು ಎದ್ದು ಒಪ್ಪಿಸಿದೆ. ಅವಳ ಮಾತು ಅಕ್ಷರಕ್ಕೆ ಅಕ್ಷರ ಅದೇ. 'ತಪ್ಪು' ಎಂಬ ಶಬ್ದವನ್ನೂ ಬಿಡಲಿಲ್ಲ, ಬಿಟ್ಟರೆ ಮುಂದಿನ ವಾಕ್ಯ ಮರೆತುಹೋಗುತ್ತಿತ್ತು. ಯಾರೂ ಏಳಲಿಲ್ಲ, ಕುರ್ಚಿ ಬೀಳಲಿಲ್ಲ. ತಲೆಗಳು ತೂಗಿದವು. ಒಬ್ಬರು, ಹಾಗಾದರೆ ಸಲಾಕೆ ಎಷ್ಟು ದಪ್ಪದ್ದು ಬೇಕಾಗಬಹುದು ಎಂದು ನನ್ನನ್ನು ಕೇಳಿದರು. ನಾನು ವಾಸಂತಿಯ ಕಡೆ ನೋಡಿದೆ. ವಾಸಂತಿ ಹೇಳಿದಳು. ಅವರು ನನ್ನ ಕಡೆ ನೋಡಿ "ಬರೋಬರ್" ಎಂದರು. ಕೆಲಸ ನಡೆಯುವಾಗ ನೀರಿಗೇನು ಮಾಡುವುದು ಎಂದು ಮತ್ತೊಬ್ಬರು ಕೇಳಿದರು. ನಾನು ಅವಳ ಕಡೆ ನೋಡಿದೆ. ಎರಡು ಕಪ್ಪು ಪ್ಲಾಸ್ಟಿಕ್ ಟಾಂಕಿ ತಂದು ಆಚೆ ಮೂಲೆಗೆ ಇಡಬೇಕು ಎಂದಳು. "ರಾಯರು ಎಲ್ಲಾ ಯೋಚನೆ ಮಾಡಿಯೇ ಬಂದಿದ್ದಾರೆ," ಎಂದು ಅವರು ಮೆಚ್ಚಿದರು. ದೇವರ ಮೂರ್ತಿಗೆ ಮಾತು ಬಂದಿತೆಂದು ಊರೆಲ್ಲ ಕೈಮುಗಿದಾಗ ಹಿಂದೆ ನಿಂತ ಪೂಜಾರಿಗೆ ಎಷ್ಟು ನಗು ಬರಬಹುದೋ ನನಗೆ ತಿಳಿಯದು. ಮೂರ್ತಿಗೆ ಮಾತ್ರ ಬೆವರು ಬರುತ್ತದೆ.

ಕೊನೆಗೆ ಸದಾನಂದಣ್ಣನೇ ಎದ್ದು ಹೇಳಿದ. "ನೋಡಿ, ರಾಯರು ಹೇಳುವ ರೀತಿ ನೋಡಿ. ಶಾಂತವಾಗಿ, ಒಂದೊಂದೇ ಪಾಯಿಂಟು. ಹೀಗೆ ಹೇಳಿದ್ರೆ ನಾನು ಯಾವತ್ತು ಬೇಡ ಅಂದಿದ್ದೇನೆ?"

ಟಾಂಕಿ ಒಡೆದರು. ಸಲಾಕೆ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಸದಾನಂದಣ್ಣ ಟೆರೇಸಿನಲ್ಲಿ ಮಳೆಗೆ ಕಟ್ಟಿದ ತಾಡಪತ್ರಿಯ ಅಡಿ ನಿಂತು ಕೆಲಸ ಮಾಡಿಸಿದ. ಬಂದು ನೋಡಿದವರಿಗೆಲ್ಲ ಆ ಪುಡಿ ತೋರಿಸಿ, "ನನಗೆ ಮೊದಲೇ ಡೌಟಿತ್ತು," ಎಂದ. ಮಳೆ ಬಿಟ್ಟ ದಿನ ನೋಡಿ ಡಾಂಬರು ಕಾಯಿಸಿ ಬಳಿದರು. ಆ ವಾಸನೆ ವಾರಗಟ್ಟಲೆ ಬಿಲ್ಡಿಂಗಿನ ಬಟ್ಟೆಬರೆಗೆಲ್ಲ ಹತ್ತಿತು. ಪುಷ್ಪಕ್ಕನ ಅಡುಗೆಮನೆ ಒಣಗಿತು, ಮುಚ್ಚಳ ಪಾತ್ರೆಗೆ ಮರಳಿತು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಕುಲಕರ್ಣಿ ಮಾಸ್ತರರ ಲೆಕ್ಕದಲ್ಲಿ ಟಾಂಕಿ ರಿಪೇರಿಯಾಗಿತ್ತೇ ಹೊರತು ಜಗಳ ರಿಪೇರಿಯಾಗಿರಲಿಲ್ಲ. ಶ್ರಾವಣದಲ್ಲಿ ಮತ್ತೆ ಬಂದರು, ಮತ್ತೆ ಛತ್ರಿ ಮೂಲೆಗಿಟ್ಟರು.

"ರಾಯರ, ಹೆಣಮಕ್ಕಳ ನಡುವ ಒಂದು ಸ್ವಲ್ಪ ಹೆಚ್ಚುಕಡಿಮಿ ಆಗೇದಲ್ಲ, ಅದನ್ನೂ ಬಗಿಹರಿಸಿಬಿಡೋಣಂತ."

"ಯಾವ ಹೆಣ್ಣುಮಕ್ಕಳು?"

"ಯಾವ ಅಂದ್ರ? ನಿಮ್ಮ ಮನಿಯವರು, ಸದಾನಂದನ ಮನಿಯವರು."

"ಅವರ ನಡುವೆ ಏನೂ ಆಗಿಲ್ಲ ಮಾಸ್ತರೇ."

ಮಾಸ್ತರರು ಕರುಣೆಯಿಂದ ನಕ್ಕರು. "ನಿಮಗ ತಿಳಿಯೂದಿಲ್ಲ. ಹೆಣಮಕ್ಕಳು ಗಂಡಸರ ಮುಂದ ತೋರಸೂದಿಲ್ಲ. ದಿನಾ ಸಂಜಿಮುಂದ ಮ್ಯಾಲಿನ ಮನ್ಯಾಗ ಎಷ್ಟ್ ಗದ್ದಲಾ! ತುಳುದಾಗ ಒಬ್ಬರಿಗೊಬ್ಬರು ಬೈದಾಡೂದು ನಾನಽ ನನ್ನ ಕಿವಿಲೆ ಕೇಳೇನಿ."

"ಅವರು ನಗುವುದು ಮಾಸ್ತರೇ ಅದು."

"ಇರಲಿ ಬಿಡ್ರಿ. ಶುಕ್ರವಾರ ನಮ್ಮ ಮನ್ಯಾಗ ಅರಿಷಿಣ ಕುಂಕುಮ ಇಟಗೊಂಡೀವಿ. ಇಬ್ಬರನ್ನೂ ಕರಿಯೂದು, ಒಬ್ಬರಿಗೊಬ್ಬರು ಕುಂಕುಮ ಹಚ್ಚೂದು, ಮುಗೀತು."

ಇದನ್ನು ಮೇಲೆ ಹೋಗಿ ಹೇಳಿದಾಗ ಇಬ್ಬರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಪುಷ್ಪಕ್ಕ ತುರಿಮಣೆ ಬಿಟ್ಟು ಎದ್ದು ನಿಂತು ವಾಸಂತಿಗೆ ಬೆರಳು ತೋರಿಸಿ ಸುಳ್ಳು ಸುಳ್ಳೇ ಬೈದಳು. ಖಂಡಿತ ಅದು ಕೂಡ ಕೆಳಗಿನವರಿಗೆ ಕೇಳಿಸಿರಬೇಕು.

"ಏನಂತ ರಾಜಿ ಮಾಡ್ಕೊಳ್ಳುವುದು ಪುಷ್ಪಕ್ಕ?"

"ಎಂಥದಾದ್ರೂ ಆಗ್ಲಿ, ಹೋಗುವ. ಒಂದು ಬ್ಲೌಸ್ ಪೀಸು ಸಿಗ್ತದೆ. ಅವರ ಮನೆ ಕಡಲೆ ಉಸಳಿ ಚೆನ್ನಾಗಿರ್ತದೆ."

ಶುಕ್ರವಾರ ಸಂಜೆ ಮಾಸ್ತರರ ಮನೆ ತುಂಬಿತ್ತು. ಒಳಗಿನ ಕೋಣೆಯಲ್ಲಿ ಹೆಂಗಸರು, ಹೊರಗಿನ ಹಾಲಿನಲ್ಲಿ ನಾವು. ಮಾಸ್ತರರು, ಸದಾನಂದಣ್ಣ, ನಾನು, ಇನ್ನೂ ನಾಲ್ಕಾರು ಜನ. ಬಾಗಿಲು ತೆರೆದಿತ್ತು, ಎಲ್ಲ ಕಾಣುತ್ತಿತ್ತು. ಮಾಸ್ತರರ ಹೆಂಡತಿ ಇಬ್ಬರನ್ನೂ ಎದುರುಬದುರು ಮಣೆಯ ಮೇಲೆ ಕೂರಿಸಿದರು. ಪುಷ್ಪಕ್ಕ ಕುಂಕುಮದ ಭರಣಿಗೆ ಬೆರಳಿಟ್ಟಳು.

"ಒಂದೆರಡು ಮಾತು ಆಡಿ ಮುಗಸಿಬಿಡ್ರಿ," ಎಂದರು ಮಾಸ್ತರರು ಹೊರಗಿನಿಂದ.

ಪುಷ್ಪಕ್ಕ ತುಟಿಯಂಚಿನಲ್ಲಿ ನಗು ಹಿಡಿದುಕೊಂಡು, ನಾಟಕದವರ ಹಾಗೆ ತಲೆ ಬಗ್ಗಿಸಿದಳು. "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮನಸ್ಸಲ್ಲಿ ಇಟ್ಕೊಳ್ಬೇಡ ವಾಸಂತಿ."

ಎಲ್ಲರೂ ವಾಸಂತಿಯ ಕಡೆ ತಿರುಗಿದರು. ಅದೇ ಮಾತನ್ನು ಅವಳೂ ಹೇಳಿದರೆ ಉಸಳಿ ಬರುವುದಿತ್ತು. ನಾನು ಗ್ಯಾಸಿನ ವಾಸನೆ ಬಂದ ಹಾಗಾಯಿತಲ್ಲ ಎಂದು ಮಾಸ್ತರರ ಅಡುಗೆಮನೆಯ ಕಡೆ ನೋಡುತ್ತಿದ್ದೆ.

"ನಿಮ್ಮಿಂದ ಎಂಥ ತಪ್ಪೂ ಆಗಿಲ್ಲ ಪುಷ್ಪಕ್ಕ," ಎಂದಳು ವಾಸಂತಿ, ಅವಳ ಎಂದಿನ ಮೆಲುದನಿಯಲ್ಲಿ. "ನಾವಿಬ್ಬರು ಯಾವತ್ತೂ ಜಗಳ ಆಡಿಲ್ಲ. ನಾನು ಮಾತಾಡಿದ್ದು ಹೊರಗೆ ಕೂತವರ ಹತ್ರ. ತಪ್ಪು ಮಾಡಿದ್ದು ಅವರು, ಕೇಳುವುದಿದ್ರೆ ಅವರೇ ಬಂದು ಕೇಳ್ಲಿ."

ಒಂದಕ್ಷರ ಸುಳ್ಳಿರಲಿಲ್ಲ. ಹೊರಗೆ ಕೂತವರು ಫ್ಯಾನು ನೋಡಿದರು. ನಾನು ಮೊದಲು ನೋಡಿದೆ ಎಂದೇ ಹೇಳಬೇಕು. ಆದರೆ ಆ ಕೋಣೆಯಲ್ಲಿದ್ದ ಹೆಂಗಸರಿಗೆ ಕಂಡದ್ದು ಒಂದೇ. ದೊಡ್ಡವಳು ತಲೆ ತಗ್ಗಿಸಿದಳು, ಚಿಕ್ಕವಳು ತಗ್ಗಿಸಲಿಲ್ಲ. ಪುಷ್ಪಕ್ಕನ ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಅದು ಮುಂದೆ ಬಂದು ವಾಸಂತಿಯ ಹಣೆಗೆ ಕುಂಕುಮ ಹಚ್ಚಿತು. ನಗು ಮಾತ್ರ ಹೋಗಿತ್ತು.

ಮಾಸ್ತರರು ನನ್ನ ತೊಡೆ ತಟ್ಟಿ ಪಿಸುಗುಟ್ಟಿದರು. "ನೋಡಿದ್ರ್ಯಾ ರಾಯರ? ನಾ ಹೇಳಿದ್ದೆ ಇಲ್ಲೋ, ಒಳಗೊಳಗ ಎಷ್ಟ್ ಇತ್ತು!" ಸದಾನಂದಣ್ಣ ದೊಡ್ಡ ಉಸಿರುಬಿಟ್ಟು, "ಹೆಂಗಸರ ಮಧ್ಯೆ ನಾವು ಎಂಥ ಮಾಡಲಿಕ್ಕಾಗ್ತದೆ ರಾಯರೇ," ಎಂದ. ನನ್ನ ಇಷ್ಟು ವರ್ಷಗಳ ಬದುಕಿನಲ್ಲಿ ಇಷ್ಟು ನೆಮ್ಮದಿಯ ಮುಖಗಳನ್ನು ನಾನು ನೋಡಿದ್ದಿಲ್ಲ. ಇಲ್ಲದ ಜಗಳವನ್ನು ಎರಡು ತಿಂಗಳು ಹುಡುಕಿ, ಸಿಗದೆ, ಕೊನೆಗೆ ತಾವೇ ಮಣೆಹಾಕಿ ಕೂರಿಸಿ ಹುಟ್ಟಿಸಿ, ಅದು ಹುಟ್ಟಿದ ಕೂಡಲೇ ತಮಗೆ ಮೊದಲೇ ಗೊತ್ತಿತ್ತು ಎಂದು ಉಸಳಿ ತಿಂದರು.

ಮೆಟ್ಟಿಲು ಹತ್ತುವಾಗ ಪುಷ್ಪಕ್ಕ ನಮ್ಮ ಮಾಳಿಗೆಯಲ್ಲಿ ನಿಂತಳು. ಕೈಯಲ್ಲಿ ಬ್ಲೌಸ್ ಪೀಸು, ವೀಳ್ಯ.

"ನಾನು ತಮಾಷೆಗೆ ಬಗ್ಗಿದೆ ವಾಸಂತಿ. ನೀನು ಎಲ್ಲರೆದುರು ನನ್ನನ್ನು ಬಗ್ಗಿಸಿಯೇ ಬಿಟ್ಟುಬಿಟ್ಟೆ."

"ಇಲ್ಲದ ಜಗಳ ಇತ್ತು ಅಂತ ನಾನು ಹೇಗೆ ಒಪ್ಲಿ ಪುಷ್ಪಕ್ಕ?"

"ಒಪ್ಬೇಡ. ನನಗೋಸ್ಕರ ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತು."

"ಎರಡು ತಿಂಗಳು ನಾನು ಮಾತಾಡಿದ್ದೇ ನಿಮಗೋಸ್ಕರ."

"ಗೊತ್ತುಂಟು," ಎಂದಳು ಪುಷ್ಪಕ್ಕ. "ಅದನ್ನು ನೀನು ಹೇಳ್ಬಾರ್ದಿತ್ತು." ಕಂಬಿ ಹಿಡಿದು ನಿಧಾನವಾಗಿ ಮೇಲೆ ಹೋದಳು.

ಒಳಗೆ ಬಂದರೆ ಕಾಲೇಜಿಗೆ ಹೋಗುತ್ತಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿ, "ಮಮ್ಮೀ, ಪುಷ್ಪಾ ಆಂಟಿ ಸೇ ಝಗಡಾ ಹುವಾ ಕ್ಯಾ? ನೀಚೇ ಸಬ್ ಬೋಲ್ ರಹೇ ಹೈ," ಎಂದಳು. ಪುಷ್ಪಕ್ಕನೊಂದಿಗೆ ಜಗಳವಾಯಿತೆಂಬ ಸುದ್ದಿ ಕೆಳಗಿನಿಂದ ನಮಗಿಂತ ಮೊದಲೇ ಮನೆ ಸೇರಿತ್ತು. ವಾಸಂತಿ ಕನ್ನಡಿಯಲ್ಲಿ ನೋಡಿಕೊಳ್ಳದೆಯೇ ಹಣೆಯ ಕುಂಕುಮದ ಪುಡಿ ಒರೆಸಿಕೊಂಡಳು.

ಅವರು ಮಾತು ಬಿಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದರು, ನಗುತ್ತಿದ್ದರು, ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವಂತೆ. ಒಂದೆರಡು ಸಲ ನಾನು, ಮೇಲೆ ಹೋಗಿ ಬಾರೆ ಎಂದೆ. ತಾನು ಹೋದರೆ ರಾಜಿಯಾಯಿತು ಅಂತಾರೆ, ಪುಷ್ಪಕ್ಕ ಬಂದರೆ ಸೋತರು ಅಂತಾರೆ ಎಂದಳು. ಮಳೆ ತೀರಿತು, ಹೊಸ ಟಾಂಕಿ ಒಂದು ಹನಿ ಸೋರಲಿಲ್ಲ. ಪಾಲಿಕೆಯವರು ಬರಲಿಲ್ಲ, ಕೋರ್ಟಿಗೆ ಯಾರೂ ಹೋಗಲಿಲ್ಲ, ಸದಾನಂದಣ್ಣನ ಬಿ.ಪಿ. ಚೆನ್ನಾಗಿತ್ತು. ಗಣಪತಿ ಹಬ್ಬದ ದಿನ ಮಾಸ್ತರರು ಮೈಕು ಹಿಡಿದು ಟಾಂಕಿಯ ಕೆಲಸಕ್ಕಾಗಿ ಸದಾನಂದಣ್ಣನಿಗೂ ನನಗೂ ಶಾಲು ಹೊದಿಸಿದರು. ಕೆಳಗೆ ರಂಗೋಲಿ ಚೆನ್ನಾಗಿ ಬಂದಿತ್ತು.

ಅರಿಷಿಣ ಕುಂಕುಮದ ಮರುದಿನ ಸಂಜೆ ವಾಸಂತಿ ಕೈಕಾಲು ತೊಳೆದು ಬಂದವಳು ನಮ್ಮ ಅಡುಗೆಮನೆಯ ಕಟ್ಟೆಯ ಅಂಚಿಗೆ ಕುಟ್ಟಿ ಕುಟ್ಟಿ ಕಾಯಿ ಒಡೆದಳು. ನಾಲ್ಕು ಏಟು ಬೇಕಾಯಿತು, ಸೊಟ್ಟಗೆ ಒಡೆಯಿತು, ನೀರು ನೆಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯಿಂದಲೂ ಕಾಯಿ ಒಡೆದ ಸದ್ದು ಕೇಳಿಸಿತು, ಒಂದೇ ಏಟು. ವಾಸಂತಿ ಒಂದು ಕ್ಷಣ ಕೈ ನಿಲ್ಲಿಸಿದಳು. ಆಮೇಲೆ ಒಂದು ಹೋಳು ತುರಿದು, ಉಳಿದದ್ದನ್ನು ತಟ್ಟೆಯಲ್ಲಿ ಕವುಚಿ ಫ್ರಿಜ್ಜಿನಲ್ಲಿಟ್ಟಳು. ಮೂರನೇ ದಿನ ನಾನು ಹಾಲು ತೆಗೆಯಲು ಹೋದಾಗ ಆ ಹೋಳು ಅಲ್ಲೇ ಇತ್ತು, ಮೇಲೆ ಲೋಳೆ, ಅಂಚಿಗೆ ತೆಳು ಗುಲಾಬಿ ಬಣ್ಣ. ಅವಳಿಗೆ ತೋರಿಸಿದೆ. ಮೂಸಿ ನೋಡಿ ಕಸದ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡಳು.

"ಇನ್ಮೇಲೆ ಸಣ್ಣ ಕಾಯಿ ನೋಡಿ ತನ್ನಿ," ಎಂದಳು.